‘ಸರ್’ ಎಂದು ಬರೆದವರ ತಪ್ಪಲ್ಲ, ಬರೆಸಿಕೊಂಡವರದು

ಕೆಲಸ ಹುಡುಕುವ ಹುಡುಗ ಹುಡುಗಿಯರಿಗೆ ಇವತ್ತು ಎರಡು ಬಗೆಯ ಗುರುಗಳು ಸಿಗುತ್ತಾರೆ. ಮೊದಲನೆಯವರು ಕಾಲೇಜಿನ ಪ್ಲೇಸ್‌ಮೆಂಟ್ ವಿಭಾಗದಲ್ಲಿ ಕೂತವರು. ಸಂದರ್ಶನ ಮಾಡುವವರಿಗೆ ಇಮೇಲ್ ಬರೆಯುವಾಗ ‘ರೆಸ್ಪೆಕ್ಟೆಡ್ ಸರ್’ ಎಂದೇ ಶುರು ಮಾಡಬೇಕು, ಹೆಸರು ಹಿಡಿದು ಬರೆದರೆ ಸೊಕ್ಕಿನವರು ಅಂದುಕೊಳ್ಳುತ್ತಾರೆ ಎಂದು ಹೇಳಿಕೊಡುವವರು. ಎರಡನೆಯವರು ಲಿಂಕ್ಡ್‌ಇನ್‌ನಲ್ಲಿ ಕೂತವರು. ‘ರೆಸ್ಪೆಕ್ಟೆಡ್ ಸರ್’ ಎಂದು ಶುರುವಾದ ಮೇಲ್ ಕಂಡರೆ ಮುಂದೆ ಓದುವ ಮನಸ್ಸೇ ಬರುವುದಿಲ್ಲ, ಬ್ರಿಟಿಷರು ಹೋಗಿ ಎಷ್ಟು ವರ್ಷವಾಯಿತು, ‘ಹಾಯ್’ ಅನ್ನಿ ಸಾಕು ಎಂದು ಬರೆದು ಲೈಕು ಎಣಿಸುವವರು.

ಮೊದಲನೆಯವರ ಮಾತು ಕೇಳಿದರೆ ಎರಡನೆಯವರ ಕೈಯಲ್ಲಿ ನಗೆಪಾಟಲು. ಎರಡನೆಯವರ ಮಾತು ನಂಬಿ ‘ಹಾಯ್ ಸುನಿಲ್’ ಎಂದು ಬರೆದರೆ, ಆ ಸುನಿಲ್ ಐವತ್ತೈದು ದಾಟಿದ, ಹುಬ್ಬು ಗಂಟಿಕ್ಕುವ ಜನರಲ್ ಮ್ಯಾನೇಜರ್ ಆಗಿರಬಹುದು. ಬೈದಾಡಿಕೊಂಡರೂ ಈ ಇಬ್ಬರು ಗುರುಗಳು ಒಂದು ಮಾತನ್ನು ಮಾತ್ರ ಒಪ್ಪಿಕೊಂಡಿದ್ದಾರೆ. ಎದುರಿನವರನ್ನು ಹೇಗೆ ಕರೆಯಬೇಕೆಂದು ಸರಿಯಾಗಿ ಊಹಿಸುವ ಹೊಣೆ ಕೆಲಸ ಕೇಳುವವರದು. ಊಹೆ ತಪ್ಪಿದರೆ ದಂಡ ತೆರಬೇಕಾದವರೂ ಅವರೇ.

ನನ್ನ ತಕರಾರು ಇರುವುದು ಈ ಒಮ್ಮತದ ಮೇಲೆ. ಸಂದರ್ಶಕರನ್ನು ಹೇಗೆ ಕರೆಯಬೇಕು ಎಂಬುದನ್ನು ಸಂದರ್ಶಕರೇ ಹೇಳಬೇಕು, ಅದೂ ಮೊದಲ ಮೇಲ್‌ನಲ್ಲೇ. ಹೇಳದೆ ಸುಮ್ಮನಿದ್ದು, ಬಂದ ಪತ್ರದ ಮೊದಲ ಪದ ನೋಡಿ ಅಭ್ಯರ್ಥಿಯನ್ನು ಅಳೆಯುವುದು ಅನ್ಯಾಯ. ಪುಣೆ, ಹೈದರಾಬಾದ್, ಚೆನ್ನೈಗಳಲ್ಲಿ ಇದನ್ನು ಓದುತ್ತಿರುವ ನಿಮ್ಮಲ್ಲಿ ಅನೇಕರು ಈಗ ಮೇಜಿನ ಆಚೆ ಬದಿಗೆ ಹೋಗಿ ಕೂತಿದ್ದೀರಿ. ಆದ್ದರಿಂದ ಈ ಮಾತು ಮುಖ್ಯವಾಗಿ ನಿಮಗೆ.

ಒಂದು ಪದಕ್ಕೆ ಇಷ್ಟು ರಾದ್ಧಾಂತವೇಕೆ ಎಂದು ಕೇಳಬಹುದು. ಕೆಲಸ ಇರುವವರಿಗೆ ಅದು ಒಂದು ಪದ. ಮನೆಯಲ್ಲಿ ಮೊದಲ ಬಾರಿಗೆ ಡಿಗ್ರಿ ಮುಗಿಸಿದ ಹುಡುಗಿಗೆ, ಇಂಗ್ಲಿಷ್ ಮೇಲ್ ಬರೆದು ತೋರಿಸಲು ಅಕ್ಕಪಕ್ಕದಲ್ಲಿ ಯಾರೂ ಇಲ್ಲದವಳಿಗೆ, ಆ ಪದ ಅರ್ಧ ದಿನದ ತಲೆನೋವು. ಅವಳಿಗೆ ಜಾವಾ ಬರುತ್ತದೋ ಲೆಕ್ಕಪತ್ರ ಬರುತ್ತದೋ ಎಂದು ತಿಳಿಯುವ ಮೊದಲೇ, ಅವಳು ಎಂಥ ಮನೆಯಿಂದ, ಎಂಥ ಶಾಲೆಯಿಂದ ಬಂದವಳು ಎಂಬುದು ಆ ಪದದಲ್ಲಿ ತಿಳಿದುಬಿಡುತ್ತದೆ. ‘ರೆಸ್ಪೆಕ್ಟೆಡ್ ಸರ್ ನೋಡಿದರೆ ಮುಂದೆ ಓದುವುದಿಲ್ಲ’ ಎನ್ನುವವರು ತಾವು ಗುಲಾಮಗಿರಿಯ ವಿರುದ್ಧ ಹೋರಾಡುತ್ತಿದ್ದೇವೆ ಎಂದುಕೊಂಡಿದ್ದಾರೆ. ನಿಜಕ್ಕೂ ಅವರು ಮಾಡುತ್ತಿರುವುದು ಕಾನ್ವೆಂಟ್ ಮಕ್ಕಳನ್ನು ಒಂದು ಕಡೆ, ಸರ್ಕಾರಿ ಶಾಲೆಯ ಮಕ್ಕಳನ್ನು ಇನ್ನೊಂದು ಕಡೆ ನಿಲ್ಲಿಸುವ ಕೆಲಸ.

ಕನ್ನಡ ಮಾಧ್ಯಮದಲ್ಲಿ ಓದಿದವರು ಪತ್ರಲೇಖನವನ್ನು ಹೇಗೆ ಕಲಿತರು, ನೆನಪಿಸಿಕೊಳ್ಳಿ. ಮೇಲೆ ‘ಇಂದ’, ಅದರ ಕೆಳಗೆ ‘ಗೆ’, ಆಮೇಲೆ ‘ಮಾನ್ಯರೇ’, ‘ವಿಷಯ’, ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’, ಕೊನೆಯಲ್ಲಿ ‘ಇಂತಿ ತಮ್ಮ ವಿಶ್ವಾಸಿ’. ಅಂಕ ಬರುತ್ತಿದ್ದದ್ದೇ ಈ ಚೌಕಟ್ಟಿಗೆ. ಆ ‘ಮಾನ್ಯರೇ’ ಎಂಬ ಪದವನ್ನು ಒಮ್ಮೆ ಗಮನಿಸಿ. ಅದಕ್ಕೆ ಗಂಡು ಹೆಣ್ಣೆಂಬ ಭೇದವಿಲ್ಲ, ವಯಸ್ಸಿಲ್ಲ, ಮದುವೆ ಆಗಿದೆಯೋ ಇಲ್ಲವೋ ಎಂಬ ಕುತೂಹಲವಿಲ್ಲ. ಅದನ್ನು ಇಂಗ್ಲಿಷಿಗೆ ಎತ್ತಿಟ್ಟಾಗ ಸಿಗುವುದು ‘ರೆಸ್ಪೆಕ್ಟೆಡ್ ಸರ್’. ಬರೆದವರ ತಲೆಯಲ್ಲಿದ್ದದ್ದು ಕನ್ನಡದ ಸಭ್ಯತೆ, ಓದಿದವರ ಕಣ್ಣಿಗೆ ಬಿದ್ದದ್ದು ಇಂಗ್ಲಿಷಿನ ದೈನ್ಯ. ಅನುವಾದದ ಕಸುಬಿನಲ್ಲಿ ಇಂಥದ್ದು ದಿನವೂ ಆಗುತ್ತದೆ. ಪದ ದಾಟುತ್ತದೆ, ಅದರ ತೂಕ ಬದಲಾಗಿಬಿಡುತ್ತದೆ.

‘ಸರ್’ ಎಂಬ ಪದದ ಕತೆಯೂ ಅದೇ. ಇಂಗ್ಲಿಷಿನಲ್ಲಿ ಅದು ಬಹುಮಟ್ಟಿಗೆ ಕೆಳಗಿನಿಂದ ಮೇಲಕ್ಕೆ ಹೋಗುವ ಪದ. ಕನ್ನಡದ ‘ಸಾರ್’ ಹಾಗಲ್ಲ. ಬೆಂಗಳೂರಿನಲ್ಲಿ ಆಟೋದವರು ನಿಮಗೆ ಸಾರ್ ಅನ್ನುತ್ತಾರೆ, ನೀವೂ ಅವರಿಗೆ ಸಾರ್ ಅನ್ನುತ್ತೀರಿ. ಬಸ್ಸಿನಲ್ಲಿ ‘ಸ್ವಲ್ಪ ಜರುಗಿ ಸಾರ್’ ಎನ್ನುವಾಗ ಯಾರೂ ಯಾರ ಕಾಲಿಗೂ ಬಿದ್ದಿರುವುದಿಲ್ಲ. ಮೈಸೂರು ಸೀಮೆಯ ‘ಸಾರ್’ ಮಾಡುವ ಕೆಲಸವನ್ನು ಧಾರವಾಡದ ಕಡೆ ‘ರೀ’ ಮಾಡುತ್ತದೆ. ಕಾಯಿಪಲ್ಲೆ ಮಾರುವವರಿಗೂ ‘ಬರ್ರಿ’, ಕಾಲೇಜಿನ ಪ್ರಿನ್ಸಿಪಾಲರಿಗೂ ‘ಬರ್ರಿ’. ಅಪರಿಚಿತರ ನಡುವೆ ಇರಬೇಕಾದಷ್ಟು ಅಂತರವನ್ನು ಮರ್ಯಾದೆಯಿಂದ ಇಡುವ ಪದಗಳಿವು. ಆ ಸಾರ್ ರೋಮನ್ ಲಿಪಿ ಉಟ್ಟುಕೊಂಡು ಮೇಲ್ ಒಳಗೆ ಬಂದ ಕೂಡಲೇ ಅದನ್ನು ಊಳಿಗದ ಪದ ಎಂದು ಓದುವುದು ಓದುಗರ ಅಜ್ಞಾನ.

ಹಾಗಾದರೆ ‘ಸರ್’ ಎಂದೇ ಬರೆಯುತ್ತಿರಲಿ ಎನ್ನುವುದು ನನ್ನ ವಾದವೇ? ಅಲ್ಲ. ಅದರಲ್ಲಿ ನಿಜವಾದ ತೊಡಕುಗಳಿವೆ. ಮೊದಲನೆಯದು, ‘ಸರ್’ ಅನ್ನಲು ಎದುರಿಗಿರುವವರು ಗಂಡಸೆಂದು ಗೊತ್ತಿರಬೇಕು. ಕಿರಣ್ ಎಂಬ ಹೆಸರಿನಿಂದ ಮೇಲ್ ಬಂದಿದೆ ಅನ್ನಿ. ಕಿರಣ್ ಬೇಡಿಯೂ ಕಿರಣ್, ವಿಕೆಟ್ ಹಿಂದೆ ನಿಲ್ಲುತ್ತಿದ್ದ ಕಿರಣ್ ಮೋರೆಯೂ ಕಿರಣ್. ದೆಹಲಿಯಲ್ಲಿರುವವರಿಗೆ ಗುರ್‌ಪ್ರೀತ್, ಮನ್‌ಜೀತ್, ಹರ್‌ಪ್ರೀತ್‌ಗಳ ಪರಿಚಯ ಇದ್ದೇ ಇರುತ್ತದೆ. ಸಿಖ್ಖರ ಇಂಥ ಹೆಸರುಗಳು ಗಂಡಿಗೂ ಸರಿ, ಹೆಣ್ಣಿಗೂ ಸರಿ. ಗೊತ್ತಾಗದಿದ್ದಾಗ ನಮ್ಮ ಬೆರಳು ತಾನಾಗಿ ‘ಸರ್’ ಎಂದೇ ಒತ್ತುತ್ತದೆ. ಅಧಿಕಾರದ ಕುರ್ಚಿಯಲ್ಲಿ ಕೂತವರು ಗಂಡಸೇ ಇರಬೇಕು ಎಂಬ ಊಹೆ ಆ ಮೂರಕ್ಷರದಲ್ಲಿದೆ. ತಮ್ಮ ಹೆಸರಿಗೆ ದಿನಕ್ಕೆ ಹತ್ತು ‘ಡಿಯರ್ ಸರ್’ ಬರುವ ಹೆಂಗಸರನ್ನು ಕೇಳಿ ನೋಡಿ.

ಎರಡನೆಯ ತೊಡಕು, ಸರ್ ಎಂದು ಶುರುವಾದ ಪತ್ರದಲ್ಲಿ ಮುಂದಿನ ವಾಕ್ಯಗಳೂ ಬಾಗುತ್ತವೆ. ‘ಸಂಬಳ ಎಷ್ಟು, ಯಾವಾಗ ತಿಳಿಸುತ್ತೀರಿ’ ಎಂಬ ನೇರ ಪ್ರಶ್ನೆ ‘ದಯಮಾಡಿ ಪರಿಗಣಿಸಬೇಕಾಗಿ ವಿನಂತಿ’ ಆಗುತ್ತದೆ. ಚೌಕಾಸಿ ಮಾಡಬೇಕಾದ ಜಾಗದಲ್ಲಿ ಅರ್ಜಿ ಹುಟ್ಟುತ್ತದೆ.

ಈ ತೊಡಕಿಗೆ ಅಮೆರಿಕದ ಸಲಹೆಗಾರರು ಕೊಡುವ ಮದ್ದು ಒಂದಿದೆ: ‘ಡಿಯರ್ ಮಿಸ್ಟರ್’ ಅಥವಾ ‘ಡಿಯರ್ ಮಿಸ್’ ಎಂದು ಬರೆದು ಕೊನೆಯ ಹೆಸರು ಹಾಕಿ. ನಮ್ಮ ಊರುಗಳ ಹೆಸರು ಗೊತ್ತಿಲ್ಲದವರು ಕೊಟ್ಟ ಮದ್ದು ಇದು. ಹಳೆ ಮೈಸೂರಿನ ಕಡೆ ಅನೇಕರಿಗೆ ಕೊನೆಯ ಹೆಸರೇ ಇಲ್ಲ. ಊರು, ಅಪ್ಪನ ಹೆಸರು ಎರಡೂ ಇನಿಶಿಯಲ್ ಆಗಿ ಮುಂದೆ ಕೂತು, ಸ್ವಂತ ಹೆಸರು ಕೊನೆಗೆ ಬರುತ್ತದೆ. ತಮಿಳುನಾಡಿನಲ್ಲಿ ಸಾಮಾನ್ಯವಾಗಿ ಅಪ್ಪನ ಹೆಸರಿನ ಒಂದಕ್ಷರ. ಸುಮಾ ರಮೇಶ್ ಎಂಬವರಿಗೆ ‘ಡಿಯರ್ ಮಿಸ್ ರಮೇಶ್’ ಎಂದು ಬರೆದರೆ ನೀವು ಕರೆದದ್ದು ಅವರ ಅಪ್ಪನನ್ನೋ ಗಂಡನನ್ನೋ. ತೆಲುಗಿನವರಲ್ಲಿ ಮನೆತನದ ಹೆಸರು ಮೊದಲೇ ಬರುತ್ತದೆ. ಪಿ. ವಿ. ನರಸಿಂಹ ರಾವ್ ಅವರ ‘ಪಿ’ ಎಂದರೆ ಪಾಮುಲಪರ್ತಿ, ಅದು ಮನೆತನದ ಹೆಸರು. ಉತ್ತರ ಕರ್ನಾಟಕದವರಿಗೂ ಮರಾಠಿಯವರಿಗೂ ಅಡ್ಡಹೆಸರು ಇದೆ, ನಿಜ. ಆದರೆ ಬಹಳ ಕಡೆ ಅಡ್ಡಹೆಸರು ಹೇಳಿದರೆ ಜಾತಿ ಹೇಳಿದ ಹಾಗೆ. ಅದಕ್ಕೇ ಅದನ್ನು ಕೈಬಿಟ್ಟವರೂ ಇದ್ದಾರೆ. ಅವರನ್ನು ಅದೇ ಹೆಸರಿನಿಂದ ಹುಡುಕಿ ಕರೆಯುವುದು ಯಾವ ಮರ್ಯಾದೆ?

ಈ ಗೋಜಲು ನನ್ನ ಮೇಜಿಗೆ ಇನ್ನೊಂದು ದಾರಿಯಿಂದ ಬರುತ್ತದೆ. ನೇಮಕಾತಿಯ ಮೇಲ್ ಮಾದರಿಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವ ಕೆಲಸ ಆಗಾಗ ಸಿಗುತ್ತದೆ. ಮಾದರಿಯ ಮೊದಲ ಸಾಲು ‘ಹಾಯ್’, ಅದರ ಮುಂದೆ ಮೊದಲ ಹೆಸರು ತುಂಬಿಕೊಳ್ಳುವ ಖಾಲಿ ಜಾಗ. ಇಂಗ್ಲಿಷಿನಲ್ಲಿ ಅಷ್ಟು ಸಾಕು. ಕನ್ನಡಕ್ಕೆ ಬಂದ ಕೂಡಲೇ ನೀನೋ ನೀವೋ ಎಂದು ತೀರ್ಮಾನಿಸದೆ ಒಂದು ಕ್ರಿಯಾಪದವನ್ನೂ ಬರೆಯಲಾಗದು. ನಾನು ‘ನೀವು’ ಎಂದು ಬರೆದು, ಹೆಸರಿನ ಮುಂದೆ ‘ಅವರೇ’ ಹಾಕುತ್ತೇನೆ. ಒಮ್ಮೆ ಒಂದು ಕಂಪನಿಯವರು ಕೇಳಿದರು, ಅಭ್ಯರ್ಥಿ ಗಂಡೋ ಹೆಣ್ಣೋ ಸಿಸ್ಟಂಗೆ ತಿಳಿಯುವುದಿಲ್ಲವಲ್ಲ, ಗೌರವಸೂಚಕ ಹೇಗೆ ಹಾಕುತ್ತೀರಿ? ತಿಳಿಯಬೇಕಾಗಿಲ್ಲ ಎಂಬುದೇ ‘ಅವರೇ’ ಎಂಬ ಪದದ ಹೆಚ್ಚುಗಾರಿಕೆ. ಸುಮಾ ಅವರೇ, ಕಿರಣ್ ಅವರೇ, ಗುರ್‌ಪ್ರೀತ್ ಅವರೇ. ಸ್ವಂತ ಹೆಸರು ಹಾಗೇ ಉಳಿಯುತ್ತದೆ, ಅಪ್ಪ ಗಂಡ ಜಾತಿ ಯಾವುದೂ ನಡುವೆ ಬರುವುದಿಲ್ಲ, ಮೇಲಿನವರು ಕೆಳಗಿನವರಿಗೂ ಕೆಳಗಿನವರು ಮೇಲಿನವರಿಗೂ ಹೇಳಬಹುದು. ಹೈದರಾಬಾದಿನಲ್ಲಿ ಇಂಗ್ಲಿಷ್ ಮೇಲ್‌ನಲ್ಲೂ ‘ಗಾರು’ ಎಂದು ಸೇರಿಸುವವರನ್ನು ನೀವು ನೋಡಿರಬಹುದು. ಹಿಂದಿಯವರು ‘ಜೀ’ ಸೇರಿಸುತ್ತಾರೆ. ಅವರೆಲ್ಲ ಹುಡುಕುತ್ತಿರುವುದು ಇದನ್ನೇ. ಇಂಗ್ಲಿಷಿನಲ್ಲಿ ಇದಕ್ಕೆ ಒಪ್ಪುವ ಪದವಿಲ್ಲ. ಅಲ್ಲಿ ‘ಅವರೇ’ಗೆ ತೀರ ಹತ್ತಿರ ಬರುವುದು ಪೂರ್ತಿ ಹೆಸರು. ‘ಡಿಯರ್ ಸುಮಾ ರಮೇಶ್’ ಎಂದರೆ ಸಲಿಗೆಯೂ ಅಲ್ಲ, ದೈನ್ಯವೂ ಅಲ್ಲ. ಅವರು ಸಹಿ ಹಾಕಿದ ಹಾಗೆಯೇ ಅವರನ್ನು ಕರೆದಂತೆ ಆಯಿತು.

ಇಷ್ಟು ಸುಲಭದ ದಾರಿ ಇದ್ದರೂ ಅಭ್ಯರ್ಥಿಗಳು ಯಾಕೆ ‘ಸರ್’ ಬಿಡುವುದಿಲ್ಲ? ಬಿಡುವ ಅಧಿಕಾರ ಅವರ ಕೈಯಲ್ಲಿಲ್ಲ, ಅದಕ್ಕೆ. ಭಾಷಾಶಾಸ್ತ್ರ ಓದಿದವರಿಗೆಲ್ಲ ಪರಿಚಿತವಾದ ಒಂದು ಅಧ್ಯಯನವಿದೆ. ರೋಜರ್ ಬ್ರೌನ್ ಮತ್ತು ಆಲ್ಬರ್ಟ್ ಗಿಲ್ಮನ್ 1960ರಲ್ಲಿ ಯುರೋಪಿನ ಭಾಷೆಗಳ ‘ನೀನು’ ‘ನೀವು’ಗಳನ್ನು ಹಿಡಿದು, ಇವು ಅಧಿಕಾರವನ್ನೂ ಆಪ್ತತೆಯನ್ನೂ ತೋರಿಸುತ್ತವೆ ಎಂದು ವಿವರಿಸಿದರು. ಮರುವರ್ಷ ಬ್ರೌನ್ ಮತ್ತು ಮಾರ್ಗರೀಟ್ ಫೋರ್ಡ್ ಅಮೆರಿಕದ ಇಂಗ್ಲಿಷನ್ನು ಅದೇ ಕಣ್ಣಿನಿಂದ ನೋಡಿದರು. ನೀವು ಎಂಬ ಪದವೇ ಬೇರೆಯಾಗಿ ಇಲ್ಲದ ಆ ಭಾಷೆಯಲ್ಲಿ ಮೊದಲ ಹೆಸರು ಒಂದು ಕಡೆ, ಮಿಸ್ಟರ್ ಎಂಬ ಬಿರುದಿನ ಜೊತೆಗಿನ ಕೊನೆಯ ಹೆಸರು ಇನ್ನೊಂದು ಕಡೆ ಅದೇ ಕೆಲಸ ಮಾಡುತ್ತಿದ್ದವು. ಬಿರುದು ಬಿಟ್ಟು ಹೆಸರಿಗೆ ಇಳಿಯುವ ಹೆಜ್ಜೆಯನ್ನು ಮೊದಲು ಇಡುವವರು ಸಾಮಾನ್ಯವಾಗಿ ಮೇಲಿನವರು ಎಂಬುದು ಅವರು ಕಂಡುಕೊಂಡ ಮುಖ್ಯ ಸಂಗತಿ. ನಮಗೆ ಇದು ಹೊಸದೇನಲ್ಲ. ‘ನನ್ನನ್ನು ನೀನು ಅಂತಲೇ ಕರಿ’ ಎಂದು ಹಿರಿಯರು ಹೇಳಬಹುದು, ‘ನಿಮ್ಮನ್ನು ನೀನು ಅಂತ ಕರೆಯಲೇ’ ಎಂದು ಕಿರಿಯರು ಕೇಳಿದರೆ ಉದ್ಧಟತನ.

ಮೇಲಿನವರು ಬಾಯಿಬಿಟ್ಟು ಹೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ನ್ಯಾಯಾಲಯಗಳಿಗಿಂತ ಒಳ್ಳೆಯ ಉದಾಹರಣೆ ಬೇಡ. ‘ಮೈ ಲಾರ್ಡ್’ ಎಂಬ ವಸಾಹತು ಕಾಲದ ಪದ ಬೇಡ, ಉಚ್ಚ ಮತ್ತು ಸರ್ವೋಚ್ಚ ನ್ಯಾಯಾಲಯಗಳಲ್ಲಿ ‘ಯುವರ್ ಆನರ್’ ಸಾಕು, ಕೆಳಗಿನ ನ್ಯಾಯಾಲಯಗಳಲ್ಲಿ ‘ಸರ್’ ಸಾಕು ಎಂದು ಭಾರತೀಯ ವಕೀಲರ ಪರಿಷತ್ತು 2006ರಲ್ಲೇ ನಿಯಮ ಮಾಡಿತು. ‘ಮೈ ಲಾರ್ಡ್’ ಎನ್ನುವುದು ಕಡ್ಡಾಯವಲ್ಲ, ಗೌರವದಿಂದ ಕರೆದರೆ ಸಾಕು ಎಂದು 2014ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಹೇಳಿತು. ಹೇಳಿದ ಪೀಠದ ಮುಖ್ಯಸ್ಥರು ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಎಚ್. ಎಲ್. ದತ್ತು. ಇಷ್ಟಾದರೂ ‘ಮೈ ಲಾರ್ಡ್’ ಹೋಗಲಿಲ್ಲ. ಯಾಕೆಂದರೆ ನಿಯಮ ಏನೇ ಇರಲಿ, ಕಕ್ಷಿದಾರನ ಕೇಸನ್ನು ಪಣಕ್ಕಿಟ್ಟು ಪ್ರಯೋಗ ಮಾಡಲು ಯಾವ ವಕೀಲರಿಗೂ ಮನಸ್ಸಿಲ್ಲ. ಮದ್ರಾಸ್ ಹೈಕೋರ್ಟಿನಲ್ಲಿದ್ದಾಗ ನ್ಯಾಯಮೂರ್ತಿ ಕೆ. ಚಂದ್ರು ಮಾಡಿದಂತೆ, ನ್ಯಾಯಮೂರ್ತಿಗಳೇ ತಮ್ಮ ಬಾಯಿಂದ ‘ಹಾಗೆ ಕರೆಯಬೇಡಿ’ ಎಂದಾಗ ವಕೀಲರಿಗೆ ಧೈರ್ಯ ಬರುತ್ತದೆ. ಕಲಿತ, ಮಾತುಬಲ್ಲ, ಸಂಘವಿರುವ ವಕೀಲರ ಪಾಡೇ ಇದಾದರೆ, ಮೊದಲ ಕೆಲಸಕ್ಕೆ ಅರ್ಜಿ ಹಾಕಿದ ಇಪ್ಪತ್ತೆರಡರ ಹುಡುಗನಿಗೆ ‘ಗುಲಾಮಗಿರಿ ಬಿಡು’ ಎಂದು ಉಪದೇಶ ಮಾಡುವುದು ಎಂಥ ಕ್ರೌರ್ಯ!

ಮೇಲಿನವರು ಮೊದಲ ಹೆಜ್ಜೆ ಇಟ್ಟಾಗ ಏನಾಗುತ್ತದೆ ಎಂಬುದಕ್ಕೂ ಉದಾಹರಣೆಗಳಿವೆ. ಒಂದು ಕಾಲಕ್ಕೆ ಸ್ವೀಡನ್ನಿನಲ್ಲಿ ಎದುರಿಗಿದ್ದವರನ್ನೇ ‘ಡೈರೆಕ್ಟರರಿಗೆ ಕಾಫಿ ಬೇಕೇ’ ಎಂದು ಹುದ್ದೆ ಹಿಡಿದು, ಮೂರನೆಯವರ ಬಗ್ಗೆ ಹೇಳುವಂತೆ ಕೇಳುವ ಪದ್ಧತಿ ಇತ್ತು. ಹುದ್ದೆ ಗೊತ್ತಿಲ್ಲದಿದ್ದರೆ ವಾಕ್ಯ ಕಟ್ಟುವುದೇ ಕಷ್ಟ. 1967ರಲ್ಲಿ ಅಲ್ಲಿನ ವೈದ್ಯಕೀಯ ಇಲಾಖೆಯ ಮುಖ್ಯಸ್ಥರಾಗಿ ಬಂದ ಬ್ರೂರ್ ರೆಕ್ಸೆಡ್, ತಾವು ಸಿಬ್ಬಂದಿಯನ್ನೆಲ್ಲ ‘ಡು’ ಎಂದು, ಅಂದರೆ ‘ನೀನು’ ಎಂದು ಕರೆಯುವುದಾಗಿಯೂ ತಮ್ಮನ್ನೂ ಹಾಗೆಯೇ ಕರೆಯಬೇಕೆಂದೂ ಹೇಳಿದರು. ಬದಲಾವಣೆ ಆಗಲೇ ಶುರುವಾಗಿತ್ತು. ಆದರೂ ಸ್ವೀಡನ್ನರು ಅದರ ಗುರುತಾಗಿ ಇಂದಿಗೂ ನೆನೆಯುವುದು ಆ ಘಟನೆಯನ್ನು. ಅಷ್ಟು ದೂರ ಹೋಗುವುದು ಬೇಡ ಎಂದರೆ ಕೇರಳದ ಪಾಲಕ್ಕಾಡಿಗೆ ಬನ್ನಿ. ಅಲ್ಲಿನ ಮಾತ್ತೂರು ಗ್ರಾಮ ಪಂಚಾಯಿತಿ 2021ರಲ್ಲಿ ಠರಾವು ಮಾಡಿ, ಕಚೇರಿಗೆ ಬರುವ ಜನ ಯಾರನ್ನೂ ಸರ್, ಮೇಡಂ ಎನ್ನಬೇಕಿಲ್ಲ, ಹೆಸರನ್ನೋ ಹುದ್ದೆಯನ್ನೋ ಹೇಳಿದರೆ ಸಾಕು ಎಂದಿತು. ಅರ್ಜಿಯಲ್ಲಿ ಬೇಡಿಕೊಳ್ಳುವ ಧಾಟಿಯ ಪದಗಳೂ ಬೇಡ ಎಂದಿತು. ಅದು ಜನರಿಗೆ ‘ಧೈರ್ಯ ತಂದುಕೊಳ್ಳಿ’ ಎನ್ನಲಿಲ್ಲ. ಧೈರ್ಯದ ಅಗತ್ಯವೇ ಬೀಳದಂತೆ ಮಾಡಿತು.

‘ನಮ್ಮ ಕಂಪನಿಯಲ್ಲಿ ಎಲ್ಲರೂ ಹೆಸರು ಹಿಡಿದೇ ಕರೆಯುತ್ತೇವೆ, ಇದೆಲ್ಲ ಹಳೆಯ ಕತೆ’ ಎನ್ನುವವರಿಗೆ ಒಂದು ಸಣ್ಣ ಪರೀಕ್ಷೆ. ಹಿಂಜವಡಿಯಲ್ಲೋ ಮಾಧಾಪುರದಲ್ಲೋ ಇರುವ ನಿಮ್ಮ ಕಚೇರಿಯ ಗೇಟಿನ ಸೆಕ್ಯುರಿಟಿಯವರು, ಪ್ಯಾಂಟ್ರಿಯವರು, ಕ್ಯಾಬ್ ಓಡಿಸುವವರು ನಿಮ್ಮನ್ನು ಏನೆಂದು ಕರೆಯುತ್ತಾರೆ? ನೀವು ಅವರನ್ನು ಏನೆಂದು ಕರೆಯುತ್ತೀರಿ? ಹೆಸರು ಒಂದೇ ದಿಕ್ಕಿನಲ್ಲಿ ಹರಿಯುತ್ತಿದ್ದರೆ ಅದನ್ನು ಸಮಾನತೆ ಎನ್ನಲು ಬರುವುದಿಲ್ಲ. ಬಾಗಿಲ ಒಳಗಿದ್ದವರು ತಮ್ಮ ತಮ್ಮಲ್ಲೇ ಹಂಚಿಕೊಂಡ ಸಲಿಗೆ ಅದು. ಸರ್ಕಾರಿ ಅಧಿಕಾರಿಗಳು ಡಿ.ಓ. ಪತ್ರದಲ್ಲಿ ಪರಸ್ಪರ ಹೆಸರು ಹಿಡಿದು ಬರೆದುಕೊಂಡು, ಜನರಿಂದ ಮಾತ್ರ ‘ಸರ್’ ಬರೆಸಿಕೊಳ್ಳುವುದಿಲ್ಲವೇ, ಹಾಗೆ. ಅಭ್ಯರ್ಥಿ ಇನ್ನೂ ಬಾಗಿಲ ಹೊರಗೆ ನಿಂತಿದ್ದಾನೆ. ಒಳಗಿನ ಸಲಿಗೆ ಅವನಿಗೂ ಗೊತ್ತಿರಬೇಕು ಎನ್ನುವುದು ಯಾವ ನ್ಯಾಯ?

ಇನ್ನೊಂದು ಆಕ್ಷೇಪವೂ ಬರುತ್ತದೆ. ‘ಸರ್ ಅಂದರೆ ಗಂಟೇನು ಹೋಗುತ್ತದೆ? ಹಿರಿಯರಿಗೆ ಮರ್ಯಾದೆ ಕೊಡುವುದು ನಮ್ಮ ಸಂಸ್ಕೃತಿ.’ ನಮ್ಮ ಸಂಸ್ಕೃತಿಯನ್ನೇ ಹಿಡಿಯುವುದಾದರೆ ಪೂರ್ತಿ ಹಿಡಿಯೋಣ. ನಮ್ಮ ಹಳೆಯ ಪತ್ರಗಳಲ್ಲಿ ಅಪ್ಪನಿಗೆ ‘ತೀರ್ಥರೂಪ’, ಅಮ್ಮನಿಗೆ ‘ಮಾತೃಶ್ರೀ’ ಎಂದು ಬರೆದರೆ, ಅತ್ತಲಿಂದ ‘ಚಿರಂಜೀವಿ’ ಎಂದು ಬರುತ್ತಿತ್ತು, ಆಶೀರ್ವಾದ ಬರುತ್ತಿತ್ತು. ಮೇಲೆ ಕೆಳಗೆ ಇತ್ತು, ನಿಜ. ಆದರೆ ಬರೆದದ್ದಕ್ಕೆ ಮರುಟಪಾಲಿನಲ್ಲಿ ಉತ್ತರವಿತ್ತು. ಇವತ್ತು ‘ರೆಸ್ಪೆಕ್ಟೆಡ್ ಸರ್’ ಎಂದು ಬರೆದ ಎಷ್ಟು ಅಭ್ಯರ್ಥಿಗಳಿಗೆ ‘ನಿಮ್ಮನ್ನು ಆಯ್ಕೆ ಮಾಡಿಲ್ಲ’ ಎಂಬ ಒಂದು ಸಾಲಾದರೂ ಬರುತ್ತದೆ? ಉತ್ತರ ಕೊಡದವರಿಗೆ ಮರ್ಯಾದೆಯ ಪಾಠ ಹೇಳುವ ಹಕ್ಕಿಲ್ಲ.

ಕೆಲಸ ಹುಡುಕುತ್ತಿರುವವರು ಇದನ್ನು ಓದುತ್ತಿದ್ದರೆ, ನಾನು ನಿಮಗೆ ಶೂರರಾಗಿ ಎಂದು ಹೇಳುವುದಿಲ್ಲ. ಮೇಲ್ ಕಳಿಸಿದವರು ಕೆಳಗೆ ಏನೆಂದು ಸಹಿ ಹಾಕಿದ್ದಾರೆ ನೋಡಿ. ಪೂರ್ತಿ ಹೆಸರಿದ್ದರೆ ‘ಡಿಯರ್’ ಎಂದು ಬರೆದು ಅದೇ ಪೂರ್ತಿ ಹೆಸರು ಹಾಕಿ. ಬರೀ ‘ಸುಮಾ’ ಎಂದಿದ್ದರೆ ಸುಮಾ ಎನ್ನಬಹುದು, ಅದು ಅವರೇ ಕೊಟ್ಟ ಅಪ್ಪಣೆ. ವಿಶ್ವವಿದ್ಯಾಲಯವಾದರೆ ಡಾಕ್ಟರ್, ಪ್ರೊಫೆಸರ್ ಬಿಡಬೇಡಿ, ಅದು ಅವರು ದುಡಿದು ಪಡೆದದ್ದು. ಹೆಸರೇ ಇಲ್ಲದ ಮೇಲ್ ಆದರೆ ‘ನೇಮಕಾತಿ ತಂಡಕ್ಕೆ’ ಎಂದು ಬರೆದು ಮುಂದೆ ಹೋಗಿ. ಎದುರಿನವರು ಸರ್ ಎನ್ನದಿದ್ದರೆ ಮುನಿಯುತ್ತಾರೆ ಎಂದು ನಿಮಗೆ ಖಚಿತವಾಗಿ ಗೊತ್ತಿದ್ದರೆ, ಮನೆ ನಡೆಯಲು ಆ ಕೆಲಸ ಬೇಕೇ ಬೇಕಿದ್ದರೆ, ಸರ್ ಎಂದೇ ಬರೆಯಿರಿ. ಅದರಲ್ಲಿ ನಾಚಿಕೆಪಡುವುದು ಏನೂ ಇಲ್ಲ. ನಾಚಿಕೆ ಬರೆಸಿಕೊಂಡವರಿಗೆ ಇರಲಿ.

ಇನ್ನು ಸಂದರ್ಶನ ಮಾಡುವವರು. ನಿಮ್ಮ ಕೆಲಸ ಬಹಳ ಸುಲಭ. ಮುಂದಿನ ಸಲ ಅಭ್ಯರ್ಥಿಗೆ ದಿನಾಂಕ, ಸಮಯ, ಕೊಂಡಿ ಕಳಿಸುವಾಗ ಎರಡು ಸಾಲು ಹೆಚ್ಚಿಗೆ ಬರೆಯಿರಿ: ‘ನನ್ನನ್ನು ಕಿರಣ್ ಎಂದೇ ಕರೆಯಬಹುದು. ನಿಮ್ಮ ಹೆಸರನ್ನು ಹೇಗೆ ಬರೆಯಲಿ, ಹೇಗೆ ಉಚ್ಚರಿಸಲಿ ಎಂದು ತಿಳಿಸಿ.’ ಎರಡನೆಯ ಸಾಲನ್ನು ಮರೆಯಬೇಡಿ. ‘ಲಾಸ್ಟ್ ನೇಮ್’ ಕಡ್ಡಾಯ ಎನ್ನುವ ಫಾರ್ಮಿಗೆ ಬೇರೆ ದಾರಿ ಕಾಣದೆ ಇನಿಶಿಯಲ್ ತುಂಬಿದ ಎಷ್ಟೋ ಕನ್ನಡದ ಮಕ್ಕಳಿಗೆ ‘ಡಿಯರ್ ಮಿಸ್ಟರ್ ಕೆ’ ಎಂಬ ಮೇಲ್ ಹೋಗುತ್ತಿದೆ. ನಿಮ್ಮ ಫಾರ್ಮನ್ನೂ ಒಮ್ಮೆ ತೆರೆದು ನೋಡಿ, ಆ ನಕ್ಷತ್ರ ಚಿಹ್ನೆ ತೆಗೆಸಿ. ಹಾಗೆಯೇ, ‘ರೆಸ್ಪೆಕ್ಟೆಡ್ ಸರ್’ ಎಂದು ಶುರುವಾದ ಪತ್ರ ಬಂದರೆ ಅದರ ಸ್ಕ್ರೀನ್‌ಶಾಟ್ ತೆಗೆದು ಗ್ರೂಪಿಗೆ ಹಾಕಿ ನಗಬೇಡಿ. ಎರಡನೆಯ ಸಾಲಿಗೆ ಹೋಗಿ. ಅಭ್ಯರ್ಥಿ ತನಗೆ ಏನು ಬರುತ್ತದೆ ಎಂದು ಹೇಳಿರುವುದು ಅಲ್ಲಿಂದ ಮುಂದೆ.